ಸಲಿಕೆ ಕೊಕ್ಕಿನ ಬಾತು ಮತ್ತು ತಿಮಿಂಗಿಲ ಶಾರ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ನಿಂತರೆ ಯಾರಾದರೂ ಪಕ್ಕಕ್ಕೆ ಬಂದು ಮಾತಿಗೆಳೆಯುತ್ತಾರೆ. ಶಾಲೆಗಳಿಗೆ ಹೋದರೆ ಮಕ್ಕಳು ಬಿಡುವುದಿಲ್ಲ. ಕರಾವಳಿಯಿಂದ, ಧಾರವಾಡದ ಕಡೆಯಿಂದ ಪತ್ರಗಳೂ ಬರುತ್ತವೆ. ಹೀಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ.

## ಮೊದಲ ಪರಿಚಯ

ಬಾತಿಗೂ ಶಾರ್ಕಿಗೂ ಎಲ್ಲಿಂದೆಲ್ಲಿಯ ಸಂಬಂಧ? ಹೋಲಿಸೋಕೆ ಬೇರೆ ಏನೂ ಸಿಗಲಿಲ್ವಾ?

ಹತ್ತಿರದ ನೆಂಟಸ್ತನ ಏನೂ ಇಲ್ಲ. ಇರುವುದು ಹೊಟ್ಟೆಪಾಡಿನ ಸಂಬಂಧ. ಸಲಿಕೆ ಕೊಕ್ಕಿನ ಬಾತು ಕೆರೆಯ ನೀರನ್ನು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ತಿಮಿಂಗಿಲ ಶಾರ್ಕ್ ಸಮುದ್ರದ ನೀರನ್ನು ಸೋಸಿ ಬದುಕುತ್ತದೆ. ಒಂದು ಕಂಕುಳಲ್ಲಿ ಹಿಡಿದುಕೊಳ್ಳಬಹುದಾದ ಹಕ್ಕಿ, ಇನ್ನೊಂದು ಭೂಮಿಯ ಮೇಲಿನ ಅತಿ ದೊಡ್ಡ ಮೀನು. ಎರಡೂ ಹೆಚ್ಚಾಗಿ ತಿನ್ನುವುದು ಮಾತ್ರ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳನ್ನು. ಇಷ್ಟು ದೂರದ ಎರಡು ಪ್ರಾಣಿಗಳು ಒಂದೇ ಕಸುಬು ಹಿಡಿದಿವೆ ಎಂದು ತಿಳಿದ ದಿನದಿಂದ ನನಗೆ ಇವೆರಡನ್ನು ಬೇರೆ ಬೇರೆಯಾಗಿ ನೋಡಲು ಆಗಿಲ್ಲ.

ಈ ಬಾತನ್ನ ಬೇರೆ ಬಾತುಗಳ ನಡುವೆ ಗುರುತು ಹಿಡಿಯೋದು ಹೇಗೆ?

ಕೊಕ್ಕು ನೋಡಿ, ಸಾಕು. ಬುಡದಲ್ಲಿ ಕಿರಿದು, ತುದಿಗೆ ಹೋಗುತ್ತಾ ಅಗಲ. ತಲೆಗಿಂತಲೂ ಉದ್ದ, ಸುಮಾರು ಆರೂವರೆ ಸೆಂಟಿಮೀಟರ್. ಮಣ್ಣು ತೋಡುವ ಸಲಿಕೆಯನ್ನು ಪುಟ್ಟದು ಮಾಡಿ ಮೂತಿಗೆ ಸಿಕ್ಕಿಸಿದ ಹಾಗೆ. ಇಂಗ್ಲಿಷಿನಲ್ಲೂ ಅದೇ ಅರ್ಥದ ಹೆಸರು, ನಾರ್ದರ್ನ್ ಶವೆಲರ್.

ಗಂಡಿಗೆ ಕಡುಹಸಿರು ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಪಕ್ಕೆ, ಹಳದಿ ಕಣ್ಣು. ಹೆಣ್ಣು ಪೂರ್ತಿ ಕಂದು, ಮೈತುಂಬಾ ಮಚ್ಚೆ. ಹಾರುವಾಗ ರೆಕ್ಕೆಯ ಮುಂಭಾಗದಲ್ಲಿ ತಿಳಿನೀಲಿ ಕಾಣುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಬರೀ ಹೆಣ್ಣುಗಳೇ ಬಂದಿವೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಗಂಡುಗಳು ಮಳೆಗಾಲದ ಹೊತ್ತಿಗೆ ಬಣ್ಣದ ಪುಕ್ಕ ಉದುರಿಸಿಕೊಂಡು ಹೆಣ್ಣಿನ ಹಾಗೇ ಮಾಸಲಾಗಿರುತ್ತವೆ. ಈ ಜಾತಿಯಲ್ಲಿ ಬಣ್ಣ ವಾಪಸ್ ಬರುವುದು ಸ್ವಲ್ಪ ತಡ. ಜನವರಿಗೆ ಅದೇ ಕೆರೆಗೆ ಹೋಗಿ ನೋಡಿ, ಹಸಿರು ತಲೆಗಳು ತುಂಬಿರುತ್ತವೆ.

ತಿಮಿಂಗಿಲ ಶಾರ್ಕ್ ಅಂದ್ರೆ ತಿಮಿಂಗಿಲವೋ, ಶಾರ್ಕೋ?

ಶಾರ್ಕ್. ಅಂದರೆ ಮೀನು. ಕಿವಿರಿನಲ್ಲಿ ಉಸಿರಾಡುತ್ತದೆ, ಮೈ ಒಳಗೆ ಮೂಳೆಯ ಬದಲು ಮೆದು ಎಲುಬು ಇದೆ, ಬಾಲ ಅಡ್ಡಡ್ಡ ಬೀಸುತ್ತದೆ. ತಿಮಿಂಗಿಲಕ್ಕೆ ಶ್ವಾಸಕೋಶ ಇದೆ, ಅದು ಮರಿಗೆ ಹಾಲು ಕುಡಿಸುತ್ತದೆ, ಬಾಲ ಮೇಲೆ ಕೆಳಗೆ ಬಡಿಯುತ್ತದೆ. ಗಾತ್ರ ನೋಡಿ ಈ ಮೀನಿಗೆ ತಿಮಿಂಗಿಲದ ಹೆಸರು ಸೇರಿಸಿದ್ದು ಅಷ್ಟೇ. ವಿಜ್ಞಾನದ ದಾಖಲೆಗೆ ಬಂದದ್ದು 1828ರಲ್ಲಿ. ದಕ್ಷಿಣ ಆಫ್ರಿಕಾದ ಟೇಬಲ್ ಬೇನಲ್ಲಿ ಈಟಿಗೆ ಸಿಕ್ಕಿದ ಒಂದು ಮೀನನ್ನು ನೋಡಿ ಆಂಡ್ರ್ಯೂ ಸ್ಮಿತ್ ಎಂಬ ವೈದ್ಯ ಅದನ್ನು ವರ್ಣಿಸಿದರು. ನಮ್ಮ ಕರಾವಳಿಯಲ್ಲಿ ಶಾರ್ಕಿಗೆ ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ ಅನ್ನುತ್ತಾರೆ.

ಎರಡರಲ್ಲಿ ಎಷ್ಟು ವ್ಯತ್ಯಾಸ? ಲೆಕ್ಕದಲ್ಲಿ ಹೇಳಿ.

ಬಾತು 44ರಿಂದ 52 ಸೆಂಟಿಮೀಟರ್ ಉದ್ದ, ತೂಕ ಸುಮಾರು 600 ಗ್ರಾಂ. ಶಾರ್ಕ್ 10–12 ಮೀಟರ್ ಬೆಳೆಯುವುದು ಉಂಟು, ಅಂದರೆ ಊರಿಂದೂರಿಗೆ ಓಡುವ ಬಸ್ಸಿನಷ್ಟು. ಪ್ರಕಟವಾದ ದಾಖಲೆಗಳಲ್ಲಿ ಅತಿ ಉದ್ದದ್ದು 18.8 ಮೀಟರ್. 1995ರಲ್ಲಿ ತೈವಾನಿನಲ್ಲಿ ಸಿಕ್ಕಿದ 10.6 ಮೀಟರಿನ ಹೆಣ್ಣು 16 ಟನ್ ತೂಗಿತ್ತು. ಅದನ್ನು ತಕ್ಕಡಿಯ ಒಂದು ಕಡೆ ಇಟ್ಟರೆ ಇನ್ನೊಂದು ಕಡೆಗೆ 26 ಸಾವಿರಕ್ಕೂ ಜಾಸ್ತಿ ಬಾತು ಬೇಕು.

ಇಷ್ಟ ದೊಡ್ಡ ಮೀನ ಮನಷ್ಯಾನ್ನ ನುಂಗಂಗಿಲ್ಲೇನ್ರೀ?

ಇಲ್ಲ. ಬಾಯಿ ಒಂದೂವರೆ ಮೀಟರ್‌ವರೆಗೂ ಅಗಲ ಇದ್ದರೂ ಗಂಟಲು ಕಿರಿದು. ಹಲ್ಲುಗಳಿವೆ, 300ಕ್ಕೂ ಹೆಚ್ಚು ಸಾಲು. ಆದರೆ ಒಂದೊಂದೂ ಬೆಂಕಿಕಡ್ಡಿಯ ತಲೆಯಷ್ಟು. ಅವುಗಳಿಂದ ಕಚ್ಚುವುದೂ ಇಲ್ಲ, ಅಗಿಯುವುದೂ ಇಲ್ಲ. ಆಸ್ಟ್ರೇಲಿಯಾದ ನಿಂಗಲೂ ಹವಳದ ದಿಬ್ಬದ ಬಳಿ ಪ್ರತಿ ವರ್ಷ ಜನ ಇದರ ಪಕ್ಕದಲ್ಲೇ ಈಜುತ್ತಾರೆ. ಅಪಾಯ ಏನಿದ್ದರೂ ಬಾಲದ್ದು. ಅಷ್ಟು ದೊಡ್ಡ ಬಾಲ ಅಕಸ್ಮಾತ್ ತಗಲಿದರೆ ಪೆಟ್ಟಾಗುತ್ತದೆ, ಅದಕ್ಕೇ ದೂರ ಇರಿ ಅನ್ನುತ್ತಾರೆ.

ನಮ್ಮ ಕರ್ನಾಟಕದಲ್ಲಿ ಇವೆರಡನ್ನೂ ನೋಡಬಹುದಾ?

ಬಾತನ್ನು ಖಂಡಿತ. ನಂಜನಗೂಡಿನ ಹತ್ತಿರದ ಹದಿನಾರು ಕೆರೆ, ಬೆಂಗಳೂರಿನ ಹೆಬ್ಬಾಳ ಕೆರೆ, ಹೊಸಕೋಟೆ ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಬೇಗ ಹೋಗಿ. ಮಾಗಡಿ ಕೆರೆಗೆ ಎಲ್ಲರೂ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುತ್ತಾರೆ. ಅವುಗಳ ಅಕ್ಕಪಕ್ಕ ತಲೆ ತಗ್ಗಿಸಿ ತೇಲುವ ಇವುಗಳ ಕಡೆಗೂ ಒಂದು ಕಣ್ಣು ಹಾಕಿ.

ಶಾರ್ಕ್ ನೋಡುವುದು ಅದೃಷ್ಟದ ಮಾತು. ಅದು ಅರಬ್ಬಿ ಸಮುದ್ರದಲ್ಲಿ ಓಡಾಡುವ ಮೀನೇ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡುವವರಿಗೆ ಅಪರೂಪಕ್ಕೆ ಕಂಡಿದೆ.

## ಸೋಸುವ ಕಸುಬು

ಕೊಕ್ಕಿನಲ್ಲಿ ನೀರು ಸೋಸೋದು ಅಂದ್ರೆ ಏನು? ಒಳಗೆ ಜರಡಿ ಇದೆಯಾ?

ಹೌದು, ಜರಡಿಯೇ ಇದೆ. ಕೊಕ್ಕಿನ ಅಂಚಿನುದ್ದಕ್ಕೂ ಬಾಚಣಿಗೆ ಹಲ್ಲಿನಂಥ ತೆಳು ಪಟ್ಟಿಗಳು ಸುಮಾರು 110. ಬಹುತೇಕ ಬಾತುಗಳಿಗೆ ಇಂಥವು ಇರುತ್ತವೆ, ಆದರೆ ಇಷ್ಟು ಒತ್ತೊತ್ತಾಗಿ, ಇಷ್ಟು ನಯವಾಗಿ ಇರುವುದಿಲ್ಲ. ಕೊಕ್ಕು ಮುಚ್ಚಿದರೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿ ಜಾಲರಿ ಆಗುತ್ತದೆ.

ನೀರು ಎಳೆಯುವ ಕೆಲಸ ನಾಲಿಗೆಯದು. ಸೈಕಲ್ ಪಂಪಿನ ಒಳಗಿನ ಕೊಳವೆಯ ಹಾಗೆ ಅದು ಹಿಂದೆ ಮುಂದೆ ಆಡುತ್ತದೆ. ಕೊಕ್ಕಿನ ತುದಿಯಿಂದ ನೀರು ಒಳಗೆ, ಪಕ್ಕದ ಬಾಚಣಿಗೆಗಳಿಂದ ಹೊರಗೆ. ನೀರಿನ ಚಿಗಟಗಳು, ಸಣ್ಣ ಹುಳು, ಬೀಜ, ಪುಟ್ಟ ಬಸವನಹುಳು, ಇಷ್ಟು ಒಳಗೆ ಉಳಿಯುತ್ತವೆ.

ಒಮ್ಮೆ ಹದಿನಾರು ಕೆರೆಯಲ್ಲಿ ಒಂದು ಹೆಣ್ಣು ದಡಕ್ಕೆ ಬಹಳ ಹತ್ತಿರ ಬಂತು. ನಾನು ಕಲ್ಲಿನ ಹಿಂದೆ ಅಲುಗಾಡದೆ ಕೂತಿದ್ದೆ. ಕೊಕ್ಕು ಅರ್ಧ ನೀರಲ್ಲಿ, ಅರ್ಧ ಮೇಲೆ. ಕೆನ್ನೆ ಸಣ್ಣಗೆ ನಡುಗುತ್ತಿತ್ತು. ಕೊಕ್ಕಿನ ಎರಡೂ ಬದಿಯಿಂದ ನೀರು ಎಳೆಎಳೆಯಾಗಿ ಸುರಿಯುತ್ತಿತ್ತು, ಬೆಳಗಿನ ಬಿಸಿಲಿಗೆ ಅದು ಹೊಳೆಯುತ್ತಿತ್ತು. ಗಾಳಿ ನಿಂತಾಗ ಚಪಚಪ ಅಂತ ಸದ್ದೂ ಕೇಳಿತು. ಗಂಜಿ ಹೀರುವ ಮಗುವಿನ ಸದ್ದಿನ ಹಾಗೆ. ಹತ್ತು ನಿಮಿಷ ಒಂದು ಸಲವೂ ತಲೆ ಪೂರ್ತಿ ಎತ್ತಲಿಲ್ಲ.

ಸಾರ್, ಅವು ಯಾಕೆ ಹಂಗೆ ಗಿರಗಿರ ಸುತ್ತು ಹೊಡೀತಾವೆ?

ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಕೇಳಿದ್ದು ಇದು. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಅಂತ ನನಗನಿಸುತ್ತದೆ, ಯಾಕೆಂದರೆ ಅವರು ನಿಜವಾಗಿ ನೋಡಿದ್ದರು.

ಒಂದು ಬಾತಿನ ಹಿಂದೆ ಇನ್ನೊಂದು, ಅದರ ಬಾಲಕ್ಕೆ ಮೂತಿ ಹಚ್ಚಿಕೊಂಡು ಮತ್ತೊಂದು. ಹೀಗೆ ಹತ್ತಾರು ಬಾತುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತವೆ. ಕಾಲು ಬಡಿದು ಬಡಿದು ನೀರು ಕಲಕುತ್ತದೆ, ತಳದ ಹತ್ತಿರ ಇದ್ದ ಸಣ್ಣ ಜೀವಿಗಳು ಮೇಲೆ ಬರುತ್ತವೆ. ಮುಂದಿನ ಬಾತು ಕಲಕಿದ ನೀರು ಹಿಂದಿನದಕ್ಕೆ ಊಟ. ಸುತ್ತು ಆಗಿರುವುದರಿಂದ ಮುಂದಿನದು ಯಾವುದು, ಹಿಂದಿನದು ಯಾವುದು ಎಂಬ ಪ್ರಶ್ನೆಯೇ ಇಲ್ಲ, ಎಲ್ಲಕ್ಕೂ ಸಿಗುತ್ತದೆ. ಒಂಟಿ ಬಾತು ಕೂಡ ತನ್ನಷ್ಟಕ್ಕೆ ಸುತ್ತು ಹೊಡೆಯುವುದುಂಟು.

ಶಾರ್ಕ್ ಹೇಗೆ ಸೋಸುತ್ತೆ? ಅದಕ್ಕೆ ಕೊಕ್ಕಿಲ್ಲ, ಬಾಚಣಿಗೆ ಇಲ್ಲ.

ಅದರ ಜರಡಿ ಗಂಟಲಿನಲ್ಲಿದೆ. ಕಿವಿರಿಗೆ ನೀರು ಹೋಗುವ ದಾರಿಗೆ ಅಡ್ಡಲಾಗಿ 20 ಸೋಸು ಹಲಗೆಗಳಿವೆ, ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳು ತುಂಬಿದವು. ಬಾಯಿ ತೆರೆದುಕೊಂಡು ಮೆಲ್ಲಗೆ ಮುಂದೆ ಹೋಗುತ್ತದೆ. ನೀರು ಬಾಯಿಂದ ಒಳಗೆ ಬಂದು ಹಲಗೆಗಳ ಮೂಲಕ ಹಾದು ಕಿವಿರಿನಿಂದ ಹೊರಗೆ. ಆಹಾರ ಒಂದೇ ಕಡೆ ದಟ್ಟವಾಗಿ ಸಿಕ್ಕಿತು ಅಂದರೆ ಬಾಲ ಕೆಳಗೆ ಬಿಟ್ಟು, ನೀರಿನಲ್ಲಿ ನೆಟ್ಟಗೆ ನಿಂತು, ಬಾಯಿಯನ್ನು ಮೇಲ್ಮೈಗೆ ಒಡ್ಡಿ ಗುಟುಕು ಗುಟುಕಾಗಿ ಹೀರುತ್ತದೆ. ಪ್ಲ್ಯಾಂಕ್ಟನ್ ಅನ್ನುವ ನೀರಲ್ಲಿ ತೇಲುವ ಸಣ್ಣ ಜೀವಿಗಳು, ಮೀನಿನ ಮೊಟ್ಟೆ, ಸಿಗಡಿಯಂಥ ಪುಟಾಣಿಗಳು, ಸಣ್ಣ ಮೀನು ಇದರ ಊಟ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೆಕ್ಸಿಕೋದ ಯುಕಟಾನ್ ತೀರದಲ್ಲಿ ನಡೆದಿತ್ತು. ಆರೂ ಕಾಲು ಮೀಟರ್‌ನ ಹತ್ತಿರ ಉದ್ದದ ಒಂದು ಶಾರ್ಕ್ ಗಂಟೆಗೆ ಸುಮಾರು 6 ಲಕ್ಷ ಲೀಟರ್ ನೀರು ಸೋಸುತ್ತದೆ ಎಂದು ಅದರಲ್ಲಿ ಲೆಕ್ಕ ಹಾಕಿದ್ದರು. ಬೆಂಗಳೂರಿನ ಬೀದಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರ್ ನೆನೆಸಿಕೊಳ್ಳಿ. ಗಂಟೆಗೆ ನೂರು ಟ್ಯಾಂಕರ್. ದಿನಕ್ಕೆ ಏಳೂವರೆ ಗಂಟೆ ಹೀಗೆ ದುಡಿದರೆ ಸಿಗುವುದು 20 ಕಿಲೋ ಚಿಲ್ಲರೆ ಆಹಾರ. ಆಳಿನ ಗಾತ್ರಕ್ಕೆ ಇದು ಜಾಸ್ತಿಯೇನಲ್ಲ.

ಟೀ ಜಾಲರಿ ಎರಡು ಸಲ ಸೋಸಿದ್ರೆ ಕಟ್ಟಿಕೊಳ್ಳುತ್ತೆ. ಶಾರ್ಕಿಂದು ಕಟ್ಟಿಕೊಳ್ಳಲ್ವಾ?

ಮೈಸೂರಿನ ಒಬ್ಬ ಅಮ್ಮ ಪತ್ರದಲ್ಲಿ ಕೇಳಿದ್ದು. ಅಡುಗೆಮನೆಯಲ್ಲಿ ನಿಂತು ಯೋಚಿಸಿದರೆ ಹುಟ್ಟುವ ಪ್ರಶ್ನೆ ಇದು, ಸಂಶೋಧಕರೂ ಇದನ್ನೇ ಕೇಳಿಕೊಂಡಿದ್ದರು.

ಟೀ ಜಾಲರಿಗೆ ನೀರು ನೇರವಾಗಿ ಮೇಲಿಂದ ಬೀಳುತ್ತದೆ. ಗಷ್ಟು ತೂತಿನ ಬಾಯಿಗೇ ಬಂದು ಕೂರುತ್ತದೆ, ಆದ್ದರಿಂದ ಕಟ್ಟಿಕೊಳ್ಳುತ್ತದೆ. ಶಾರ್ಕಿನ ಸೋಸು ಹಲಗೆಗಳಿಗೆ ನೀರು ಎದುರಿನಿಂದ ಗುದ್ದುವುದಿಲ್ಲ, ಅವುಗಳ ಮೈ ಸವರಿಕೊಂಡು ಹಿಂದಕ್ಕೆ ಹರಿಯುತ್ತದೆ. ಹರಿಯುತ್ತಾ ಹರಿಯುತ್ತಾ ನೀರಷ್ಟೇ ತೂತುಗಳಿಂದ ಹೊರಗೆ ಜಾರುತ್ತದೆ. ಆಹಾರದ ಕಣಗಳು ಹರಿವಿನ ಜೊತೆಗೇ ಗಂಟಲಿನ ಕಡೆಗೆ ಸಾಗಿ ಅಲ್ಲಿ ಉಂಡೆಯಾಗುತ್ತವೆ. ಹರಿವೇ ಹಲಗೆಯನ್ನು ಗುಡಿಸುತ್ತಿರುತ್ತದೆ. ಇನ್ನೂ ಒಂದು ಲಾಭ ಇದೆ. ತೂತುಗಳು ಸರಾಸರಿ 1.2 ಮಿಲಿಮೀಟರ್ ಇದ್ದರೂ ಅದಕ್ಕಿಂತ ಸಣ್ಣ ಕಣಗಳೂ ಒಳಗೇ ಉಳಿಯುತ್ತವೆ. ಡೈರಿಗಳಲ್ಲಿ, ನೀರು ಶುದ್ಧ ಮಾಡುವ ಘಟಕಗಳಲ್ಲಿ ಇದೇ ಅಡ್ಡ ಹರಿವಿನ ಉಪಾಯ ಬಳಸುತ್ತಾರೆ.

ಆದರೂ ಆಗಾಗ ಒಂದಿಷ್ಟು ಕಸ ಸಿಕ್ಕಿಕೊಳ್ಳುತ್ತದೆ. ಆಗ ಶಾರ್ಕ್ ಕೆಮ್ಮುತ್ತದೆ. ನಿಜವಾಗಿಯೂ ಕೆಮ್ಮಿದ ಹಾಗೇ ಬಾಯಿಯಿಂದ ನೀರು ಹೊರಗೆ ಚಿಮ್ಮಿಸುತ್ತದೆ.

ಬರೀ ಮಾಂಸಾಹಾರವೋ, ಸೊಪ್ಪೂ ತಿನ್ನುತ್ತೋ?

ಬಾತು ಎರಡನ್ನೂ ತಿನ್ನುತ್ತದೆ ಅನ್ನುವುದು ಹಳೆಯ ವಿಷಯ. ಶಾರ್ಕ್ ಬಗ್ಗೆ 2022ರಲ್ಲಿ ಹೊಸ ಸಂಗತಿ ತಿಳಿಯಿತು. ನಿಂಗಲೂವಿನ ಶಾರ್ಕ್‌ಗಳ ಚರ್ಮ ಮತ್ತು ಮಲ ಪರೀಕ್ಷಿಸಿದಾಗ, ತೇಲುವ ಕಡಲಪಾಚಿಯೂ ಅವುಗಳ ಮೈಗೆ ಸೇರುತ್ತಿದೆ ಎಂದು ಗೊತ್ತಾಯಿತು. ಈಗ ಅದನ್ನು ಜಗತ್ತಿನ ಅತಿ ದೊಡ್ಡ ಮಿಶ್ರಾಹಾರಿ ಅನ್ನುತ್ತಾರೆ.

## ಮರಿ, ಆಯಸ್ಸು, ಪ್ರಯಾಣ

ಶಾರ್ಕ್ ಮೊಟ್ಟೆ ಇಡುತ್ತಾ, ಮರಿ ಹಾಕುತ್ತಾ?

ಮರಿ ಹಾಕುತ್ತದೆ. ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಒಡೆದು ಮರಿ ಬೆಳೆಯುತ್ತದೆ. ಇದು ಖಚಿತವಾದದ್ದು ಆಗಲೇ ಹೇಳಿದ ತೈವಾನಿನ ಹೆಣ್ಣಿನಿಂದ. ಅದರ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು, ಬೇರೆ ಬೇರೆ ಹಂತಗಳಲ್ಲಿ. ದೊಡ್ಡವು 60 ಸೆಂಟಿಮೀಟರ್ ದಾಟಿದ್ದವು, ಚಿಕ್ಕವು 42 ಸೆಂಟಿಮೀಟರ್. ಬಸ್ಸಿನಷ್ಟು ಬೆಳೆಯುವ ಮೀನು ಬದುಕು ಶುರು ಮಾಡುವುದು ಹೆಚ್ಚುಕಡಿಮೆ ನಮ್ಮ ಸಲಿಕೆ ಬಾತಿನ ಉದ್ದದಲ್ಲಿ! ಈ ಒಂದು ಸಂಗತಿ ಹೇಳಿದಾಗ ಮಕ್ಕಳೆಲ್ಲ ಕೈ ಚಾಚಿ ಗಾಳಿಯಲ್ಲಿ ಅಳೆಯಲು ಶುರು ಮಾಡುತ್ತಾರೆ. ಹೆರಿಗೆ ಎಲ್ಲಿ ಆಗುತ್ತದೆ ಎಂದು ಯಾರೂ ಕಣ್ಣಾರೆ ಕಂಡಿಲ್ಲ.

ಬಾತಿನದು ತೆರೆದ ಪುಸ್ತಕ. ಉತ್ತರದ ಹುಲ್ಲುಗಾವಲಿನಲ್ಲಿ, ನೆಲದ ಮೇಲೆ ಗೂಡು. ಸುಮಾರು ಒಂಬತ್ತು ಮೊಟ್ಟೆ, 22ರಿಂದ 25 ದಿನ ಕಾವು. ಬೆದರಿ ಗೂಡು ಬಿಟ್ಟು ಹಾರುವಾಗ ತಾಯಿ ಮೊಟ್ಟೆಗಳ ಮೇಲೇ ಹಿಕ್ಕೆ ಹಾಕಿ ಹೋಗುತ್ತದೆ. ಆ ನಾತಕ್ಕೆ ನರಿಯಂಥವು ಬಾಯಿ ಹಾಕಲಿಕ್ಕಿಲ್ಲ ಎಂಬುದು ತಿಳಿದವರ ಊಹೆ. ಮೊಟ್ಟೆಯಿಂದ ಬಂದ ಮರಿಗೆ ಸಲಿಕೆ ಕೊಕ್ಕು ಇರುವುದಿಲ್ಲ, ಬೇರೆ ಬಾತುಮರಿಗಳ ಹಾಗೇ ಮಾಮೂಲಿ ಕೊಕ್ಕು. ಬೆಳೆಯುತ್ತಾ ಅಗಲವಾಗುತ್ತದೆ.

ಎಷ್ಟು ವರ್ಷ ಬದುಕುತ್ತವೆ?

ಉಂಗುರ ತೊಡಿಸಿದ ಬಾತುಗಳಲ್ಲಿ ಒಂದು 16 ವರ್ಷ ದಾಟಿ ಬದುಕಿದ ದಾಖಲೆ ಅಮೆರಿಕದಲ್ಲಿದೆ. ಬಹಳಷ್ಟು ಅಷ್ಟು ಕಾಲ ಉಳಿಯುವುದಿಲ್ಲ.

ಶಾರ್ಕಿನ ವಯಸ್ಸು ಅದರ ಬೆನ್ನೆಲುಬಿನ ಮಣಿಗಳಲ್ಲಿ ಉಂಗುರಗಳಾಗಿ ಬರೆದಿರುತ್ತದೆ, ಮರದ ಕಾಂಡದಲ್ಲಿ ಇರುವ ಹಾಗೆ. ಒಂದು ಉಂಗುರಕ್ಕೆ ಎಷ್ಟು ಕಾಲ ಎಂಬ ಗೊಂದಲ ಬಹಳ ದಿನ ಇತ್ತು. ಅದನ್ನು ಬಿಡಿಸಿದ್ದು ಅಣುಬಾಂಬು. 1950–60ರ ದಶಕದ ಪರೀಕ್ಷಾ ಸ್ಫೋಟಗಳಿಂದ ಗಾಳಿಗೆ, ಅಲ್ಲಿಂದ ಸಮುದ್ರಕ್ಕೆ ಸೇರಿದ ವಿಶೇಷ ಇಂಗಾಲ ಈ ಮೀನುಗಳ ಎಲುಬಿನಲ್ಲೂ ಉಳಿದಿತ್ತು. ಅದನ್ನು ಗುರುತಾಗಿ ಇಟ್ಟುಕೊಂಡು ಲೆಕ್ಕ ಹಾಕಿದಾಗ ವರ್ಷಕ್ಕೆ ಒಂದು ಉಂಗುರ ಎಂದು 2020ರಲ್ಲಿ ಖಚಿತವಾಯಿತು. ಪಾಕಿಸ್ತಾನದಲ್ಲಿ ಸಿಕ್ಕಿದ ಸುಮಾರು 10 ಮೀಟರ್ ಉದ್ದದ ಮೀನಿಗೆ 50 ವರ್ಷ ಆಗಿತ್ತು. ನೂರು ವರ್ಷ ಬದುಕಿದರೂ ಆಶ್ಚರ್ಯವಿಲ್ಲ ಅನ್ನುತ್ತಾರೆ ತಜ್ಞರು.

ಯಾವುದು ಜಾಸ್ತಿ ದೂರ ಹೋಗುತ್ತೆ?

ಎರಡೂ ಅಲೆಮಾರಿಗಳೇ. ಬಾತು ರಷ್ಯಾ, ಕಝಾಕಸ್ತಾನದ ಕಡೆಯ ಜೌಗುಗಳಿಂದ ಹಾರಿ ಬಂದು ನಮ್ಮಲ್ಲಿ ಚಳಿಗಾಲ ಕಳೆದು ವಾಪಸ್ ಹೋಗುತ್ತದೆ. ಪ್ರತಿ ವರ್ಷ. ಶಾರ್ಕ್‌ಗಳಲ್ಲಿ ಆ್ಯನ್ ಎಂದು ಹೆಸರಿಟ್ಟ ಒಂದು ಹೆಣ್ಣಿಗೆ 2011ರಲ್ಲಿ ಪನಾಮಾ ಬಳಿ ಉಪಗ್ರಹಕ್ಕೆ ಸುದ್ದಿ ಕಳಿಸುವ ಟ್ಯಾಗ್ ಹಾಕಿದ್ದರು. 841 ದಿನಗಳಲ್ಲಿ ಅದು ಪೆಸಿಫಿಕ್ ದಾಟಿ ಮರಿಯಾನಾ ಕಂದಕದ ಹತ್ತಿರ ತಲುಪಿತ್ತು, 20 ಸಾವಿರ ಕಿಲೋಮೀಟರಿಗೂ ಜಾಸ್ತಿ. ಆಳಕ್ಕೂ ಇಳಿಯುತ್ತವೆ. 1,900 ಮೀಟರ್ ಮೀರಿದ ಮುಳುಗು ದಾಖಲಾಗಿದೆ.

## ಇನ್ನೂ ಆಳಕ್ಕೆ

ಒಂದೇ ಕಸುಬು ಅಂದ್ಮೇಲೆ ಒಂದೇ ಪೂರ್ವಜರಿಂದ ಕಲಿತಿರಬೇಕಲ್ವಾ?

ಹಾಗೆ ಅನಿಸುವುದು ಸಹಜ. ಆದರೆ ಬಾತಿನ ವಂಶ, ಶಾರ್ಕಿನ ವಂಶ ಕವಲೊಡೆದು 40 ಕೋಟಿ ವರ್ಷಗಳಿಗೂ ಜಾಸ್ತಿ ಆಯಿತು. ಆ ಹಳೆಯ ಪೂರ್ವಜ ಒಂದು ಮೀನು, ಅದಕ್ಕೆ ಕೊಕ್ಕೂ ಇರಲಿಲ್ಲ, ಈ ಸೋಸು ಹಲಗೆಯೂ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲೇ ಈ ಉಪಾಯಕ್ಕೆ ಬಂದರು. ಸಾಮಾನು ನೋಡಿದರೆ ಗೊತ್ತಾಗುತ್ತದೆ. ಬಾತಿನ ಬಾಚಣಿಗೆ ಕೊಕ್ಕಿನ ಅಂಚಿನದು, ಶಾರ್ಕಿನ ಹಲಗೆ ಕಿವಿರಿನದು. ಇದನ್ನು ಒಮ್ಮುಖ ವಿಕಾಸ ಅನ್ನುತ್ತಾರೆ. ರಾಜಹಂಸ, ನೀಲಿ ತಿಮಿಂಗಿಲ ಕೂಡ ಇದೇ ಕಸುಬಿನವು. ಶಾರ್ಕ್‌ಗಳಲ್ಲೇ ಇನ್ನೆರಡು ಜಾತಿ ಸೋಸಿ ತಿನ್ನುತ್ತವೆ, ಬಾಸ್ಕಿಂಗ್ ಶಾರ್ಕ್ ಮತ್ತು ಮೆಗಾಮೌತ್.

ಒಂದು ಶಾರ್ಕನ್ನ ಇನ್ನೊಂದರಿಂದ ಬೇರೆ ಅಂತ ಹೇಗೆ ಹೇಳ್ತಾರೆ?

ಮೈಮೇಲಿನ ಬಿಳಿ ಚುಕ್ಕೆಗಳಿಂದ. ಒಂದರ ಚುಕ್ಕೆ ಸಾಲು ಇನ್ನೊಂದಕ್ಕೆ ಇಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕಿವಿರಿನ ಹಿಂದಿನ ಎಡಪಕ್ಕದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹೋಲಿಸುತ್ತಾರೆ. ಆ ಲೆಕ್ಕದ ವಿಧಾನ ಮೊದಲು ಹುಟ್ಟಿದ್ದು ಆಕಾಶದ ನಕ್ಷತ್ರಗಳ ಚಿತ್ರಗಳನ್ನು ಒಂದಕ್ಕೊಂದು ತಾಳೆ ಹಾಕಲು. ಬಾತಿಗೆ ಇಂಥ ಅನುಕೂಲ ಇಲ್ಲ, ಕಾಲಿಗೆ ಉಂಗುರ ತೊಡಿಸಬೇಕು.

ಬಾತು ಸುಖವಾಗಿದೆ, ಶಾರ್ಕ್ ಅಳಿವಿನಂಚಿನಲ್ಲಿದೆ ಅಂತಾರೆ. ಯಾಕೆ ಹೀಗೆ?

ಬಾತು ಒಂದು ವರ್ಷಕ್ಕೇ ಸಂಸಾರ ಹೂಡುತ್ತದೆ. ಶಾರ್ಕ್ ಪ್ರಾಯಕ್ಕೆ ಬರಲು ಸುಮಾರು 25 ವರ್ಷ ಬೇಕು. ಒಂದು ದೊಡ್ಡ ಮೀನು ಕೊಂದರೆ ಆ ಜಾಗ ತುಂಬಲು ಒಂದು ತಲೆಮಾರು ಕಾಯಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ 2016ರಿಂದ ಅದು ಅಳಿವಿನಂಚಿನ ಜೀವಿ. ಬಾತಿನ ಬಗ್ಗೆ ಸದ್ಯಕ್ಕೆ ಹೆಚ್ಚು ಆತಂಕ ಇಲ್ಲ, ಕೆರೆಗಳು ಉಳಿದರೆ.

ಗುಜರಾತಿನ ಕಥೆ ಇಲ್ಲಿ ಹೇಳಲೇಬೇಕು. ವೆರಾವಲ್ ಸುತ್ತಮುತ್ತ ಈ ಮೀನನ್ನು ಕೊಲ್ಲುತ್ತಿದ್ದರು. ಯಕೃತ್ತಿನ ಎಣ್ಣೆ ಮರದ ದೋಣಿಗೆ ಬಳಿಯಲು, ಮಾಂಸ ಹೊರದೇಶಕ್ಕೆ. ಕೊಕ್ಕೆ ಚುಚ್ಚಿದ ಮೀನು ಮುಳುಗದಿರಲಿ ಅಂತ ಹಗ್ಗಕ್ಕೆ ಪೀಪಾಯಿ ಕಟ್ಟುತ್ತಿದ್ದರು, ಅದಕ್ಕೇ ಅಲ್ಲಿ ಮೀನಿಗೇ ಬ್ಯಾರಲ್ ಅಂತ ಹೆಸರು. ವನ್ಯಜೀವಿ ಚಿತ್ರಗಳನ್ನು ಮಾಡುವ ಮೈಕ್ ಪಾಂಡೆ ಈ ಬೇಟೆಯನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. 2001ರಲ್ಲಿ ಈ ಮೀನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ ಸೇರಿತು, ಹಾಗೆ ಸೇರಿದ ಮೊದಲ ಮೀನು ಇದೇ.

ಕಾನೂನು ಬಂದರೂ ಬಹಳಷ್ಟು ಮೀನುಗಾರರಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಲ್ಲಿ ಪ್ರಚಾರ ಶುರು ಮಾಡಿತು. ಕಥಾಕಾರ ಮೊರಾರಿ ಬಾಪು ಆಗ ಜನರಿಗೆ ಹೇಳಿದ್ದು ಇದನ್ನೇ: ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳಿದ್ದ ಹಾಗೆ. ಬಾಣಂತನಕ್ಕೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರಾ? ಆ ಮಾತು ಮನೆ ಮನೆಗೆ ಮುಟ್ಟಿತು. ಈಗ ಅಲ್ಲಿ ಅದರ ಹೆಸರು ವ್ಹಾಲಿ, ಅಂದರೆ ಮುದ್ದಿನವಳು. ಕೊಲ್ಲುತ್ತಿದ್ದ ಕೈಗಳೇ ನೂರಾರು ಶಾರ್ಕ್‌ಗಳನ್ನು ಬಲೆ ಕತ್ತರಿಸಿ ಬಿಟ್ಟಿವೆ.

ನಮ್ಮ ಬೋಟಿನ ಬಲೆಗೆ ಅದು ಸಿಕ್ಕಿದ್ರೆ ಎಂತ ಮಾಡುವುದು?

ಮಂಗಳೂರಿನ ಕಡೆಯ ಒಬ್ಬರು ಕೇಳಿದ್ದು. ಮೊದಲು ನೋಡಬೇಕಾದ್ದು ಬೋಟಿನಲ್ಲಿರುವವರ ಸುರಕ್ಷತೆ, ಬಾಲದ ಹತ್ತಿರ ಯಾರೂ ನೀರಿಗೆ ಇಳಿಯಬಾರದು. ಮೀನನ್ನು ಬೋಟಿಗೆ ಎಳೆಯಬೇಡಿ. ಬಾಲಕ್ಕೆ ಹಗ್ಗ ಕಟ್ಟಿ ದಡಕ್ಕೆ ತರುವುದೂ ಬೇಡ. ನೀರಿನಲ್ಲೇ ಇಟ್ಟು, ಬಲೆ ಸಡಿಲ ಮಾಡಿ, ಬಿಡದಿದ್ದರೆ ಕತ್ತರಿಸಿ. ಅರಣ್ಯ ಇಲಾಖೆಗೆ ಸುದ್ದಿ ಕೊಡಿ.

ಬಲೆ ಹೋದರೆ ನಷ್ಟ ಸಣ್ಣದಲ್ಲ, ಅದು ನನಗೆ ಗೊತ್ತು. ಗುಜರಾತಿನಲ್ಲಿ ಮೀನುಗಾರರು ತಾವೇ ಫೋಟೋ ತೆಗೆದು ತೋರಿಸಿದರೆ ಕತ್ತರಿಸಿದ ಬಲೆಗೆ ಪರಿಹಾರ ಸಿಗುವ ಏರ್ಪಾಡು ಇದೆ. ಅದಕ್ಕಾಗಿ ಅವರಿಗೆ ಕ್ಯಾಮೆರಾಗಳನ್ನೂ ಕೊಟ್ಟಿದ್ದರು. ನಿಮ್ಮ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ. ಬಿಡುವ ಮುಂಚೆ ಕಿವಿರಿನ ಹಿಂದಿನ ಎಡಪಕ್ಕದ ಚುಕ್ಕೆಗಳು ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಮುಂದೆ ಅದೇ ಮೀನು ಲಕ್ಷದ್ವೀಪದಲ್ಲೋ ವೆರಾವಲ್‌ನಲ್ಲೋ ಕಂಡರೆ, ಇದು ನಿಮ್ಮ ಬೋಟಿನವರು ಬಿಟ್ಟ ಮೀನು ಅಂತ ಹೇಳಬಹುದು.